ಗರ್ಭಕೊರಳ ಕ್ಯಾನ್ಸರ್ ತಪಾಸಣೆ: ನಾನೇ ತೆಗೆದ ಮಾದರಿಯನ್ನು ನಂಬಬಹುದೇ?

ಪ್ರಶ್ನೆ: ನನಗೆ 44 ವರ್ಷ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದೇವೆ, ಅಡಿಕೆ ತೋಟ ಇದೆ. ಒಳಪರೀಕ್ಷೆ ಎಂದರೆ ಮೊದಲಿನಿಂದಲೂ ನನಗೆ ಮುಜುಗರ, ಹಾಗಾಗಿ ಈವರೆಗೆ ಒಮ್ಮೆಯೂ ಪ್ಯಾಪ್ ಸ್ಮಿಯರ್ ಮಾಡಿಸಿಲ್ಲ. ಬೆಂಗಳೂರಿನಲ್ಲಿರುವ ಮಗಳು, ಮನೆಯಲ್ಲೇ ನಾವೇ ಮಾದರಿ ತೆಗೆದು ಕಳಿಸುವ ಎಚ್‌ಪಿವಿ (ಗರ್ಭಕೊರಳ ಕ್ಯಾನ್ಸರ್ ತರುವ ವೈರಸ್ಸು) ಪರೀಕ್ಷೆಯ ಕಿಟ್ ತರಿಸಿಕೊಡುತ್ತೇನೆ ಎನ್ನುತ್ತಿದ್ದಾಳೆ. ನನ್ನ ಓರಗಿತ್ತಿ ಮಾತ್ರ, ಡಾಕ್ಟರು ನೋಡಿ ತೆಗೆಯುವುದೇ ಬೇರೆ, ನಾವು ಕುರುಡು ಕುರುಡಾಗಿ ತೆಗೆಯುವುದೇ ಬೇರೆ, ದುಡ್ಡು ದಂಡ ಎನ್ನುತ್ತಾಳೆ. ಇಬ್ಬರಲ್ಲಿ ಯಾರ ಮಾತು ಸರಿ? ನಮ್ಮ ಅತ್ತೆಗೆ 67 ವರ್ಷ. ಮುಟ್ಟು ನಿಂತು ಹದಿನೈದು ವರ್ಷವಾಗಿದ್ದರೂ ಈಚೆಗೆ ಎರಡು ಸಲ ರಕ್ತ ಕಾಣಿಸಿಕೊಂಡಿತು. ಅವರಿಗೂ ಒಂದು ಕಿಟ್ ತರಿಸಬಹುದೇ?

ಉತ್ತರ: ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ನಿಮ್ಮ ಅತ್ತೆಯವರಿಗೆ ಕಿಟ್ ತರಿಸಬೇಡಿ. ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ ಕಲೆಯಾದರೂ ಅದಕ್ಕೆ ವೈದ್ಯರ ಪರೀಕ್ಷೆ ಆಗಲೇಬೇಕು, ಅವರಿಗೆ ಎರಡು ಸಲ ಆಗಿದೆ. ಎಚ್‌ಪಿವಿ ಪರೀಕ್ಷೆಯು ಯಾವ ತೊಂದರೆಯೂ ಇಲ್ಲದ ಮಹಿಳೆಯರಲ್ಲಿ ಮುಂದೆ ಬರಬಹುದಾದ ಅಪಾಯವನ್ನು ಹುಡುಕುವ ತಪಾಸಣೆಯೇ ಹೊರತು ರಕ್ತಸ್ರಾವದ ಕಾರಣವನ್ನು ಪತ್ತೆ ಹಚ್ಚುವ ಪರೀಕ್ಷೆಯಲ್ಲ. ಈ ವಯಸ್ಸಿನಲ್ಲಿ ರಕ್ತ ಗರ್ಭಕೊರಳಿನಿಂದ ಬರಬಹುದು, ಗರ್ಭಕೋಶದ ಒಳಪದರದಿಂದಲೂ ಬರಬಹುದು. ಒಳಪದರದ ಕ್ಯಾನ್ಸರಿಗೂ ಎಚ್‌ಪಿವಿ ವೈರಸ್ಸಿಗೂ ಸಂಬಂಧವಿಲ್ಲದ್ದರಿಂದ ವರದಿ 'ನೆಗೆಟಿವ್' ಎಂದು ಬಂದು, ನೀವೆಲ್ಲ ಸಮಾಧಾನಪಟ್ಟುಕೊಂಡು, ನಿಜವಾದ ಕಾಯಿಲೆ ಒಳಗೇ ಬೆಳೆಯುವ ಸಾಧ್ಯತೆ ಇರುತ್ತದೆ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಆಗಿರುತ್ತದೆ, ಹಾರ್ಮೋನು ಕಡಿಮೆಯಾಗಿ ಒಳಚರ್ಮ ತೆಳುವಾಗಿರುತ್ತದೆ, ಅಷ್ಟೇ. ಆದರೆ ಅದನ್ನು ಹೇಳಬೇಕಾದದ್ದು ಸ್ಪೆಕ್ಯುಲಂ (ಯೋನಿಯನ್ನು ಅಗಲಿಸಿ ಹಿಡಿಯುವ ಉಪಕರಣ) ಇಟ್ಟು ನೋಡಿದ, ಸ್ಕ್ಯಾನ್ ಮಾಡಿಸಿದ, ಬೇಕಾದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ವೈದ್ಯರು. ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಈ ವಾರವೇ ಕರೆದುಕೊಂಡು ಹೋಗಿ.

ಇನ್ನು ನಿಮ್ಮ ವಿಷಯ. ಮಾದರಿಯನ್ನು ಪಿಸಿಆರ್ ವಿಧಾನದಲ್ಲಿ (ವೈರಸ್ಸಿನ ಡಿಎನ್‌ಎಯನ್ನು ಹಲವು ಪಟ್ಟು ಬೆಳೆಸಿ ಹುಡುಕುವ ವಿಧಾನ) ಪರೀಕ್ಷಿಸುವುದಾದರೆ ನೀವು ತೆಗೆದದ್ದೂ ವೈದ್ಯರು ತೆಗೆದದ್ದೂ ಬಹುತೇಕ ಸಮ, ಬೇರೆ ವಿಧಾನವಾದರೆ ಸಮವಲ್ಲ. ಎಂದರೆ ಮಗಳ ಮಾತು ಸರಿ, ಆದರೆ ಒಂದು ಷರತ್ತಿನ ಮೇಲೆ. ನಿಮ್ಮ ಓರಗಿತ್ತಿಯವರ ಅನುಮಾನವನ್ನೂ ನಾನು ತಳ್ಳಿಹಾಕುವುದಿಲ್ಲ, ಅದು ಹಳೆಯ ಪರೀಕ್ಷೆಯ ಮಟ್ಟಿಗೆ ಅಕ್ಷರಶಃ ನಿಜ.

ಹಳೆಯ ಪರೀಕ್ಷೆ ಎಂದರೆ 1940ರ ದಶಕದಿಂದ ಬಳಕೆಗೆ ಬಂದ ಪ್ಯಾಪ್ ಸ್ಮಿಯರ್. ಅದರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಜೀವಕೋಶಗಳ ರೂಪವನ್ನು. ಗರ್ಭಕೊರಳಿನ ಒಳಪದರವೂ ಹೊರಪದರವೂ ಕೂಡುವ ಅಂಚಿನಲ್ಲೇ ಕ್ಯಾನ್ಸರ್ ಹುಟ್ಟುವುದರಿಂದ ಆ ಅಂಚನ್ನೇ ಕಣ್ಣಾರೆ ಕಂಡು, ಅಲ್ಲಿಂದಲೇ ಕೋಶಗಳನ್ನು ಕೆರೆದು ತೆಗೆಯಬೇಕು. ಸ್ವಲ್ಪ ಆಚೆ ಈಚೆ ಆದರೂ ಗಾಜಿನ ಪಟ್ಟಿಯ ಮೇಲೆ ಆರೋಗ್ಯವಂತ ಕೋಶಗಳೇ ಬಂದು ಕುಳಿತು, ವರದಿ ತಪ್ಪಾಗಬಹುದು. ಮಹಿಳೆಯೇ ತೆಗೆದ ಮಾದರಿ ಪ್ಯಾಪ್ ಪರೀಕ್ಷೆಗೆ ಒದಗುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ.

ಎಚ್‌ಪಿವಿ ಪರೀಕ್ಷೆ ಹುಡುಕುವುದು ಕೋಶದ ರೂಪವನ್ನಲ್ಲ, ಆ ಕೋಶದೊಳಗೆ ಸೇರಿಕೊಂಡಿರುವ ವೈರಸ್ಸಿನ ಡಿಎನ್‌ಎಯನ್ನು. ಗರ್ಭಕೊರಳಿನ ಮೇಲ್ಪದರದ ಕೋಶಗಳು ದಿನವೂ ಉದುರುತ್ತವೆ. ಉದುರಿದವು ಲೋಳೆಯೊಂದಿಗೆ ಕೆಳಗಿಳಿದು ಯೋನಿಯ ಗೋಡೆಯುದ್ದಕ್ಕೂ ಹರಡಿಕೊಳ್ಳುತ್ತವೆ. ಸೋಂಕು ಇದ್ದರೆ ಆ ಕೋಶಗಳ ಜೊತೆ ವೈರಸ್ಸೂ ಅಲ್ಲಿಗೆ ಬಂದಿರುತ್ತದೆ. ಪಿಸಿಆರ್ ವಿಧಾನವು ಡಿಎನ್‌ಎಯ ತುಣುಕನ್ನು ಸುತ್ತು ಸುತ್ತಿಗೂ ಇಮ್ಮಡಿ ಮಾಡುತ್ತ ಲಕ್ಷಗಟ್ಟಲೆ ಪ್ರತಿಗಳನ್ನಾಗಿ ಬೆಳೆಸುವುದರಿಂದ ಮಾದರಿಯಲ್ಲಿ ವೈರಸ್ಸು ಅತ್ಯಲ್ಪವಿದ್ದರೂ ಸಿಕ್ಕಿಬೀಳುತ್ತದೆ. ಕೊರೋನಾ ಕಾಲದಲ್ಲಿ ಮೂಗಿನಿಂದ ತೆಗೆದ ಸ್ವಾಬ್‌ಗೂ ನಮ್ಮ ಕಡೆ ಮಂಗನ ಕಾಯಿಲೆಯ ಅನುಮಾನ ಬಂದಾಗ ತೆಗೆಯುವ ರಕ್ತಕ್ಕೂ ಮಾಡುವುದು ಇದೇ ಜಾತಿಯ ಪರೀಕ್ಷೆ. ಹಾಗಾಗಿ ಕಡ್ಡಿ ಗರ್ಭಕೊರಳನ್ನು ಮುಟ್ಟಲೇಬೇಕೆಂದಿಲ್ಲ. 'ಕುರುಡು ಕುರುಡಾಗಿ' ತೆಗೆದರೂ ನಡೆಯುತ್ತದೆ ಎನ್ನುವುದರ ಗುಟ್ಟು ಇಷ್ಟೇ.

ಇದು ಬರೀ ತರ್ಕವಲ್ಲ, ಅಳೆದು ನೋಡಿದ್ದಾರೆ. ಒಬ್ಬಳೇ ಮಹಿಳೆಯಿಂದ ಎರಡು ಮಾದರಿಗಳನ್ನು, ಒಂದನ್ನು ಅವಳೇ, ಇನ್ನೊಂದನ್ನು ವೈದ್ಯರು ತೆಗೆದು, ಎರಡನ್ನೂ ಪರೀಕ್ಷಿಸಿ, ಕ್ಯಾನ್ಸರಿಗೆ ಹಿಂದಿನ ಹಂತದ ಬದಲಾವಣೆ ನಿಜವಾಗಿ ಯಾರಲ್ಲಿದೆ ಎಂಬುದರೊಂದಿಗೆ ಹೋಲಿಸುವ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದಿವೆ. ಅಂಥ 56 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2018ರಲ್ಲಿ ಪ್ರಕಟವಾಯಿತು. ಪಿಸಿಆರ್ ಆಧಾರಿತ ಪರೀಕ್ಷೆಗಳಲ್ಲಿ, ವೈದ್ಯರ ಮಾದರಿ ನೂರು ಪ್ರಕರಣಗಳನ್ನು ಹಿಡಿದರೆ ಸ್ವಂತ ಮಾದರಿ 99ನ್ನು ಹಿಡಿಯುತ್ತದೆ ಎಂದು ಅದರಿಂದ ತಿಳಿಯಿತು. ಈ ಒಂದರ ಅಂತರ ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಅಂತರವೇ ಅಲ್ಲ. ಆದರೆ ಡಿಎನ್‌ಎಯನ್ನು ಬೆಳೆಸದೆ, ಅದು ಹೊಮ್ಮಿಸುವ ಸಂಕೇತವನ್ನಷ್ಟೇ ಹಿಗ್ಗಿಸಿ ಓದುವ ಹಳೆಯ ವಿಧಾನ ಒಂದಿದೆ, ಹೈಬ್ರಿಡ್ ಕ್ಯಾಪ್ಚರ್ ಎಂಬುದು ಅದರಲ್ಲಿ ಪ್ರಸಿದ್ಧ. ಅದರಲ್ಲಿ ಸ್ವಂತ ಮಾದರಿ ಹಿಡಿದದ್ದು ನೂರಕ್ಕೆ 85. ಹದಿನೈದು ಮಂದಿ ಕೈತಪ್ಪಿ ಹೋಗುವುದು ಸಣ್ಣ ಮಾತಲ್ಲ. ವ್ಯತ್ಯಾಸ ತೆಗೆದವರ ಕೈಯಲ್ಲಿರಲಿಲ್ಲ, ಪ್ರಯೋಗಾಲಯದ ಮೇಜಿನ ಮೇಲಿತ್ತು. ಅಡಿಕೆ ಮಂಡಿಯಲ್ಲಿ ಮೂಟೆಯಿಂದ ಹಿಡಿ ಅಡಿಕೆ ತೆಗೆದವರು ನೀವೋ ದಲಾಲರೋ ಎನ್ನುವುದಕ್ಕಿಂತ ಅದನ್ನು ನೋಡಿ ಬೆಲೆ ಕಟ್ಟುವ ಕಣ್ಣು ಮುಖ್ಯವಲ್ಲವೇ, ಹಾಗೆ.

ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಕಿ ಇದೆ, ಅದರ ಬಗ್ಗೆ ಜಾಹೀರಾತುಗಳು ಮಾತಾಡುವುದಿಲ್ಲ. ಕಾಯಿಲೆ ಇಲ್ಲದವರನ್ನು 'ಇಲ್ಲ' ಎಂದು ಸರಿಯಾಗಿ ಹೇಳುವ ವಿಷಯದಲ್ಲಿ ಸ್ವಂತ ಮಾದರಿ ಎರಡು ಪ್ರತಿಶತದಷ್ಟು ಹಿಂದೆ ಬೀಳುತ್ತದೆ. ಗರ್ಭಕೊರಳಿನಲ್ಲಿ ಏನೂ ಇಲ್ಲದೆ ಯೋನಿಯ ಗೋಡೆಯಲ್ಲಷ್ಟೇ ವೈರಸ್ಸು ಇರುವ ಮಹಿಳೆಯರೂ ಪಾಸಿಟಿವ್ ಪಟ್ಟಿಗೆ ಸೇರಿಕೊಳ್ಳುವುದು ಇದಕ್ಕೆ ಒಂದು ಕಾರಣ. ಲೆಕ್ಕ ಹಾಕಿ ತೋರಿಸುತ್ತೇನೆ. ಸಾವಿರ ಮಹಿಳೆಯರಿದ್ದಾರೆ, ಅವರಲ್ಲಿ ಹತ್ತು ಮಂದಿಗೆ ಚಿಕಿತ್ಸೆ ಬೇಕಾದ ಕ್ಯಾನ್ಸರ್ ಪೂರ್ವ ಬದಲಾವಣೆ ಇದೆ ಎಂದಿಟ್ಟುಕೊಳ್ಳಿ. ಒಳ್ಳೆಯ ಪಿಸಿಆರ್ ಪರೀಕ್ಷೆ, ಮಾದರಿಯನ್ನು ಯಾರೇ ತೆಗೆದಿರಲಿ, ಆ ಹತ್ತರಲ್ಲಿ ಒಂಬತ್ತು ಮಂದಿಯನ್ನಾದರೂ ಹಿಡಿಯುತ್ತದೆ. ಉಳಿದ 990 ಮಂದಿಯಲ್ಲಿ ವೈದ್ಯರ ಮಾದರಿಯಿಂದ 900 ಮಂದಿಗೆ ನೆಗೆಟಿವ್ ಬಂದರೆ ಸ್ವಂತ ಮಾದರಿಯಿಂದ 882 ಮಂದಿಗೆ ಬರುತ್ತದೆ. ಎಂದರೆ ಹದಿನೆಂಟು ಮಂದಿ ಹೆಚ್ಚುವರಿಯಾಗಿ ಆಸ್ಪತ್ರೆಗೆ ಓಡಾಡಬೇಕಾಗುತ್ತದೆ, ಏನೂ ಇಲ್ಲದೆಯೂ ನಾಲ್ಕು ದಿನ ನಿದ್ದೆಗೆಡಬೇಕಾಗುತ್ತದೆ. ಸ್ವಂತ ಮಾದರಿಗೆ ನಾವು ತೆರುವ ಬೆಲೆ ಇದು. ಕ್ಯಾನ್ಸರ್ ಕಣ್ತಪ್ಪಿ ಹೋಗುವ ಬೆಲೆಯಲ್ಲ. ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ಉಳಿಯುವುದಕ್ಕಿಂತ ಇದು ಬಹಳ ಅಗ್ಗ ಎಂದು ನನ್ನ ಅಭಿಪ್ರಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 30ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಗರ್ಭಕೊರಳ ಕ್ಯಾನ್ಸರ್ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ಇಷ್ಟು ಜನ ಹೊರಗುಳಿದಿರುವಾಗ, ವೈದ್ಯರ ಕೈಯ ಮಾದರಿಯೇ ಶ್ರೇಷ್ಠವೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಸ್ವಂತ ಮಾದರಿಯನ್ನು ಒಪ್ಪಿಕೊಂಡಿದೆ. ಆಸ್ಟ್ರೇಲಿಯಾದಲ್ಲಿ 2022ರ ಜುಲೈಯಿಂದ ತಪಾಸಣೆಗೆ ಬರುವ ಮಹಿಳೆ ಎರಡರಲ್ಲಿ ಯಾವುದನ್ನು ಬೇಕಾದರೂ ಆಯ್ದುಕೊಳ್ಳಬಹುದು.

ನೆಗೆಟಿವ್ ವರದಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲೇ ಉತ್ತರವಿದೆ. 1999ರಲ್ಲಿ ಆರಂಭವಾಗಿ 2009ರಲ್ಲಿ ಫಲಿತಾಂಶ ಪ್ರಕಟವಾದ ಆ ಅಧ್ಯಯನದಲ್ಲಿ 30ರಿಂದ 59 ವರ್ಷದ ಸುಮಾರು 1,31,000 ಮಹಿಳೆಯರಿದ್ದರು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯ ಅವಕಾಶ ಸಿಕ್ಕ ಗುಂಪಿನಲ್ಲಿ, ಪರೀಕ್ಷೆ ಸಿಗದ ಗುಂಪಿಗೆ ಹೋಲಿಸಿದರೆ, ಗರ್ಭಕೊರಳ ಕ್ಯಾನ್ಸರಿನಿಂದಾದ ಸಾವು ಎಂಟು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಪ್ಯಾಪ್ ಪರೀಕ್ಷೆಯಲ್ಲೋ ವಿನೆಗರ್‌ನಂಥ ಆಮ್ಲ ಹಚ್ಚಿ ನೋಡುವ ಪರೀಕ್ಷೆಯಲ್ಲೋ ನೆಗೆಟಿವ್ ಬಂದವರಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಂಡ ಪ್ರಮಾಣ, ಎಚ್‌ಪಿವಿ ನೆಗೆಟಿವ್ ಬಂದವರಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿತ್ತು. ಅಲ್ಲಿ ಮಾದರಿ ತೆಗೆದವರು ಆರೋಗ್ಯ ಸಿಬ್ಬಂದಿ ಎಂಬುದನ್ನು ಮರೆಮಾಚುವುದಿಲ್ಲ. ಆದರೂ ಎಚ್‌ಪಿವಿ ಇಲ್ಲ ಎಂಬ ಒಂದು ವರದಿ ಎಷ್ಟು ವರ್ಷಗಳ ನೆಮ್ಮದಿ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ನಮಗೆ ಹತ್ತಿರದ ಪುರಾವೆ ಇಲ್ಲ.

ಕಿಟ್ ತರಿಸುವ ಮೊದಲು ಮಗಳು ಆ ಕಂಪನಿಯವರನ್ನು ಮೂರು ಪ್ರಶ್ನೆ ಕೇಳಲಿ. ಪರೀಕ್ಷೆ ಪಿಸಿಆರ್ ವಿಧಾನದ್ದೇ? ಎಚ್‌ಪಿವಿಯ ಅಪಾಯಕಾರಿ ತಳಿಗಳಲ್ಲಿ ಎಷ್ಟನ್ನು ಹುಡುಕುತ್ತದೆ, 16 ಮತ್ತು 18ನೇ ತಳಿಗಳನ್ನು ಬೇರೆಯಾಗಿ ಹೆಸರಿಸುತ್ತದೆಯೇ? (ಗರ್ಭಕೊರಳ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಈ ಎರಡರಿಂದಲೇ ಬರುತ್ತವೆ.) ಮೂರನೆಯದು ಯಾರಿಗೂ ಹೊಳೆಯದ ಪ್ರಶ್ನೆ: ಮಾದರಿಯಲ್ಲಿ ಮನುಷ್ಯರ ಕೋಶಗಳು ಇವೆಯೇ ಎಂದು ನೋಡುವ ವ್ಯವಸ್ಥೆ ಆ ಪರೀಕ್ಷೆಯೊಳಗಿದೆಯೇ? ಒಳ್ಳೆಯ ಪರೀಕ್ಷೆಗಳು ವೈರಸ್ಸಿನ ಜೊತೆಗೆ ನಮ್ಮದೇ ದೇಹದ ಒಂದು ಜೀನನ್ನೂ ಹುಡುಕುತ್ತವೆ. ಅದು ಸಿಗದಿದ್ದರೆ ಕಡ್ಡಿಗೆ ಏನೂ ಅಂಟಿಲ್ಲ ಎಂದರ್ಥ, ಆಗ ವರದಿಯಲ್ಲಿ 'ಅಮಾನ್ಯ, ಮತ್ತೆ ಕಳಿಸಿ' ಎಂದು ಬರುತ್ತದೆ. ಆ ವ್ಯವಸ್ಥೆ ಇಲ್ಲದ ಪರೀಕ್ಷೆಗೆ ಪ್ಯಾಕೆಟ್ಟಿನಿಂದ ತೆಗೆದ ಒಣ ಕಡ್ಡಿಯನ್ನು ಹಾಗೇ ಕಳಿಸಿದರೂ ನೆಗೆಟಿವ್ ಎಂದೇ ಬರುತ್ತದೆ! ಈ ಮೂರಕ್ಕೂ ನೇರವಾದ ಉತ್ತರ ಸಿಗದಿದ್ದರೆ ಆ ಕಿಟ್ ಬಿಟ್ಟುಬಿಡಿ.

ಮಾದರಿ ತೆಗೆಯುವುದು ಕಷ್ಟದ ಕೆಲಸವಲ್ಲ. ಮುಟ್ಟಿನ ದಿನಗಳು ಮುಗಿದಿರಲಿ. ಹಿಂದಿನ ಎರಡು ದಿನ ಯೋನಿಯೊಳಗೆ ಮುಲಾಮು, ಮಾತ್ರೆ ಯಾವುದನ್ನೂ ಇಟ್ಟುಕೊಂಡಿರಬಾರದು, ಒಳಗೆ ನೀರು ಹಾಯಿಸಿ ತೊಳೆದಿರಬಾರದು. ಕೈ ತೊಳೆದು ಒರೆಸಿಕೊಳ್ಳಿ. ಒಂದು ಕಾಲನ್ನು ಬಚ್ಚಲಿನ ಕಟ್ಟೆಯ ಮೇಲಿಟ್ಟೋ ಕುಕ್ಕರುಗಾಲಿನಲ್ಲಿ ಕುಳಿತೋ ಸ್ವಾಬ್ ಕಡ್ಡಿಯ ಮೆತ್ತನೆಯ ತುದಿಯನ್ನು ಬೆನ್ನಿನ ಕಡೆಗೆ ತುಸು ಓರೆಯಾಗಿ ಒಳಗೆ ಬಿಡಿ. ಕಡ್ಡಿಯ ಮೇಲೆ ಒಂದು ಗೆರೆಯೋ ಕಚ್ಚೋ ಇರುತ್ತದೆ, ಅಲ್ಲಿಯವರೆಗೆ, ಹೆಚ್ಚುಕಡಿಮೆ ನಿಮ್ಮ ನಡುಬೆರಳಿನ ಉದ್ದಕ್ಕೆ ಹೋದರೆ ಸಾಕು. ಕಿಟ್ಟಿನ ಚೀಟಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಸೆಕೆಂಡು, ಮೆಲ್ಲಗೆ ತಿರುಗಿಸಿ. ಹೊರಗೆ ತೆಗೆದ ಮೇಲೆ ತುದಿಯನ್ನು ಬೆರಳಿಗಾಗಲಿ ಬಟ್ಟೆಗಾಗಲಿ ತಾಗಿಸದೆ ಕೊಳವೆಗೆ ಹಾಕಿ ಮುಚ್ಚಿ. ನೋವಾಗಬಾರದು. ನೋವಾದರೆ ನಿಲ್ಲಿಸಿ.

ನಾನು ಕಂಡಿರುವ ಎಡವಟ್ಟುಗಳು ಈ ಹಂತದಲ್ಲಿ ಆದವಲ್ಲ, ಇದಾದ ಮೇಲೆ ಆದವು. ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ನಡೆದ ಶಿಬಿರವೊಂದಕ್ಕೆ ಹೋಗಿದ್ದೆ. ಮಹಿಳೆಯರು ಒಬ್ಬೊಬ್ಬರಾಗಿ ಶಾಲೆಯ ಹಿಂದಿನ ಶೌಚಾಲಯಕ್ಕೆ ಹೋಗಿ ಮಾದರಿ ತಂದುಕೊಡುತ್ತಿದ್ದರು, ಜಗಲಿಯಲ್ಲಿ ಕುಳಿತ ಹುಡುಗಿ ಶಾಯಿ ಪೆನ್ನಿನಲ್ಲಿ ಕೊಳವೆಗಳ ಮೇಲೆ ಹೆಸರು ಬರೆಯುತ್ತಿದ್ದಳು. ಒದ್ದೆ ಕೈ, ಒದ್ದೆ ಕೊಡೆ, ಒದ್ದೆ ಮೇಜು. ಸಂಜೆ ಡಬ್ಬಿ ತೆರೆದಾಗ ಐದು ಕೊಳವೆಗಳ ಹೆಸರು ನೀಲಿ ಕಲೆಯಾಗಿ ಹರಡಿ ಹೋಗಿದ್ದವು, ಓದಲು ಬಂದ ಹೆಸರುಗಳಲ್ಲೂ ಒಂದೇ ಹೆಸರಿನ ಇಬ್ಬರಿದ್ದರು. ಏಳೂ ಮಂದಿಯನ್ನು ಮತ್ತೆ ಕರೆಸಬೇಕಾಯಿತು. ಮಾದರಿಗಳು ಅತ್ಯುತ್ತಮವಾಗಿದ್ದಿರಬಹುದು, ಆದರೆ ಯಾರದೆಂದು ತಿಳಿಯದ ಮಾದರಿಯ ನಿಖರತೆ ಸೊನ್ನೆ. ಅಂದಿನಿಂದ ನಾನು ಕಡ್ಡಿಗಿಂತ ಮೊದಲು ಲೇಬಲ್ ನೋಡುವವಳಾಗಿದ್ದೇನೆ. ನೀವು ಮಾದರಿ ತೆಗೆಯುವ ಮೊದಲೇ, ಕೈ ಒಣಗಿದ್ದಾಗ, ಬಾಲ್ ಪೆನ್ನಿನಲ್ಲಿ ಹೆಸರು, ವಯಸ್ಸು, ದಿನಾಂಕ ಬರೆದಿಡಿ. ಒಣ ಸ್ವಾಬ್ ಮಾದರಿ ಹಲವು ದಿನ ಕೆಡದೆ ಉಳಿಯುತ್ತದೆ, ಕೊರಿಯರ್ ಒಂದು ದಿನ ತಡವಾಯಿತೆಂದು ಗಾಬರಿ ಬೇಡ. ಆದರೆ ಒಲೆಯ ಪಕ್ಕ, ಅಡಿಕೆ ಒಣಗಿಸುವ ಅಂಗಳ, ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡು, ಇಂಥ ಕಡೆ ಇಡಬೇಡಿ.

ವರದಿ ಪಾಸಿಟಿವ್ ಬಂದರೆ ಏನು ಎನ್ನುವುದನ್ನು ಕಿಟ್ ತರಿಸುವ ಮುಂಚೆಯೇ ಯೋಚಿಸಿರಬೇಕು. ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ. ಉಸ್ಮಾನಾಬಾದಿನಲ್ಲೇ ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ ಹತ್ತು ಮಂದಿ ಪಾಸಿಟಿವ್ ಆಗಿದ್ದರು, ಅವರಲ್ಲಿ ಚಿಕಿತ್ಸೆ ಬೇಕಾದಂಥ ಬದಲಾವಣೆ ಇದ್ದವರು ಕೆಲವರೇ. ಹೆಚ್ಚಿನ ಸೋಂಕುಗಳನ್ನು ದೇಹವೇ ಒಂದೆರಡು ವರ್ಷಗಳಲ್ಲಿ ತೊಡೆದುಹಾಕುತ್ತದೆ, ಉಳಿದುಕೊಂಡ ಸೋಂಕು ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಇನ್ನೊಂದು ಮಾತು, ಕೇಳಲು ಸಂಕೋಚಪಡುವವರೇ ಹೆಚ್ಚಾದ್ದರಿಂದ ನಾನೇ ಹೇಳುತ್ತೇನೆ: ವೈರಸ್ಸು ಹತ್ತಾರು ವರ್ಷಗಳ ಹಿಂದೆ ಬಂದು ಅಡಗಿ ಕುಳಿತದ್ದಾಗಿರಬಹುದು. ಅದನ್ನು ಹಿಡಿದುಕೊಂಡು ಗಂಡನ ಮೇಲೋ ಹೆಂಡತಿಯ ಮೇಲೋ ಅನುಮಾನಪಡುವುದಕ್ಕೆ ಯಾವ ಆಧಾರವೂ ಇಲ್ಲ.

ಆದರೆ ಪಾಸಿಟಿವ್ ಬಂದವರು ಒಳಪರೀಕ್ಷೆಯನ್ನು ತಪ್ಪಿಸುವಂತಿಲ್ಲ. ಸ್ವಂತ ಮಾದರಿಯ ದೊಡ್ಡ ಮಿತಿ ಎಂದು ನಾನು ಗುರುತಿಸುವುದು ಇದನ್ನು. ವೈದ್ಯರು ಗರ್ಭಕೊರಳಿನಿಂದಲೇ ತೆಗೆದು ದ್ರಾವಣದಲ್ಲಿಟ್ಟ ಮಾದರಿಯಾದರೆ, ಎಚ್‌ಪಿವಿ ಪಾಸಿಟಿವ್ ಬಂದಾಗ ಅದರಲ್ಲೇ ಉಳಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ನಿಮ್ಮ ಸ್ವಾಬ್‌ನಲ್ಲಿ ಅದು ಸಾಧ್ಯವಿಲ್ಲ. 16 ಅಥವಾ 18ನೇ ತಳಿ ಇದ್ದರೆ ನೇರವಾಗಿ ಕಾಲ್ಪೋಸ್ಕೋಪಿ, ಎಂದರೆ ಭೂತಗನ್ನಡಿಯಂಥ ಉಪಕರಣದಲ್ಲಿ ಗರ್ಭಕೊರಳನ್ನು ನೋಡುವ ಪರೀಕ್ಷೆ. ಉಳಿದ ತಳಿಗಳಾದರೆ ಮೊದಲು ಪ್ಯಾಪ್ ಅಥವಾ ಆಮ್ಲ ಹಚ್ಚಿ ನೋಡುವುದು, ಅಲ್ಲಿ ಅನುಮಾನ ಬಂದರೆ ಕಾಲ್ಪೋಸ್ಕೋಪಿ, ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು). ಬದಲಾವಣೆ ಕಂಡರೆ ಆ ಭಾಗವನ್ನಷ್ಟೇ ಶಾಖದಿಂದ ಸುಟ್ಟೋ ತಂತಿಯ ಕುಣಿಕೆಯಿಂದ ಕತ್ತರಿಸಿಯೋ ತೆಗೆಯುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಮಲೆನಾಡಿನಲ್ಲಿ ತಪಾಸಣೆ ಸೋಲುವುದು ಬಹುತೇಕ ಈ ಎರಡನೆಯ ಭೇಟಿಯಲ್ಲಿ. ಜೂನ್‌ನಲ್ಲಿ ಪಾಸಿಟಿವ್ ಬಂದವರು ಮಳೆ ನಿಲ್ಲಲಿ ಎನ್ನುತ್ತಾರೆ, ಮಳೆ ನಿಂತರೆ ಅಡಿಕೆಯ ಕೊನೆಕೊಯ್ಲು, ಕೊಯ್ಲು ಮುಗಿದರೆ ಮದುವೆಗಳು. ಎರಡು ವರ್ಷವಾದ ಮೇಲೆ ಮಡಿಸಿದ ವರದಿ ಹಿಡಿದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಪಾಸಿಟಿವ್ ಬಂದರೂ ಒಳಪರೀಕ್ಷೆಗೆ ಬರಲಾರೆ ಎನ್ನುವಷ್ಟು ಮುಜುಗರ ನಿಮಗಿದ್ದರೆ, ಕಿಟ್ಟಿಗೆ ದುಡ್ಡು ಹಾಕಬೇಡಿ ಎಂದು ನಿಷ್ಠುರವಾಗಿಯೇ ಹೇಳುತ್ತೇನೆ. ನೆಗೆಟಿವ್ ಬಂದರೆ ಮುಂದಿನ ಪರೀಕ್ಷೆ ಐದು ವರ್ಷಕ್ಕೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹತ್ತು ವರ್ಷದ ಅಂತರ ಹೇಳುತ್ತದೆ, ಎಚ್‌ಐವಿ ಇರುವವರಿಗೆ ಮೂರರಿಂದ ಐದು. ನಡುವೆ ಸಂಭೋಗದ ನಂತರ ರಕ್ತ, ದುರ್ವಾಸನೆಯ ಬಿಳಿಸೆರಗು ಕಂಡರೆ ಕೈಯಲ್ಲಿ ನೆಗೆಟಿವ್ ವರದಿ ಇದ್ದರೂ ವೈದ್ಯರನ್ನು ಕಾಣಬೇಕು.

ಅತ್ತೆಯವರನ್ನು ಆಸ್ಪತ್ರೆಗೆ ಕರೆತರುವಾಗ ಹೇಗೂ ಜೊತೆಗೆ ನೀವೇ ಬರುತ್ತೀರಿ. ಅಂದು ಅಲ್ಲಿ ಎಚ್‌ಪಿವಿ ಪರೀಕ್ಷೆಯ ಸೌಲಭ್ಯ ಇದೆಯೇ, ಮಾದರಿಯನ್ನು ನಾನೇ ತೆಗೆದುಕೊಡಬಹುದೇ ಎಂದು ವಿಚಾರಿಸಿ. ಒಪ್ಪಿದರೆ ಅಲ್ಲಿಯ ಶೌಚಾಲಯದಲ್ಲೇ ಐದು ನಿಮಿಷದ ಕೆಲಸ. ಏನಾದರೂ ಅನುಮಾನ ಬಂದರೆ ಕೇಳಲು ನರ್ಸ್ ಬಾಗಿಲಾಚೆಯೇ ಇರುತ್ತಾರೆ, ವರದಿ ಪಾಸಿಟಿವ್ ಆದರೆ ಮುಂದಿನ ದಿನಾಂಕವನ್ನು ಅಲ್ಲೇ ಬರೆದುಕೊಡುತ್ತಾರೆ. ಅಲ್ಲಿ ಆಗುವುದಿಲ್ಲ ಎಂದರೆ ಮಾತ್ರ ಮಗಳಿಗೆ ಕಿಟ್ ತರಿಸಲು ಹೇಳಿ.